ಹಳೆಯ ನೋವಿಗೆ ವಿಆರ್: ಮನೆಯಲ್ಲೇ ಶುರು ಮಾಡುವವರಿಗೆ ಎಂಟು ವಾರದ ದಾರಿ

"ಸೊಂಟ ನೋವಾದ್ರೆ ಸೊಂಟಕ್ಕೆ ಎಣ್ಣೆ ಹಚ್ಬೇಕು. ನೀನು ಕಣ್ಣಿಗೆ ಡಬ್ಬ ಕಟ್ಕೊಂಡು ಕೂತಿದ್ದೀಯಲ್ಲೋ" ಅಂದಳು ಅಮ್ಮ.

ಆ ಡಬ್ಬ ಅಕ್ಕನ ಮಗನದು. ಗೇಮ್ ಆಡಲು ತೆಗೆದುಕೊಂಡಿದ್ದ ವಿಆರ್ (ವರ್ಚುವಲ್ ರಿಯಾಲಿಟಿ, ಕಣ್ಣಿಗೆ ಕಟ್ಟಿಕೊಂಡರೆ ಸುತ್ತ ಬೇರೊಂದು ಲೋಕವೇ ಕಾಣುವ) ಹೆಡ್‌ಸೆಟ್. ಪರೀಕ್ಷೆ ಹತ್ತಿರ ಬಂತು ಅಂತ ಅಕ್ಕ ಕಿತ್ತುಕೊಂಡು ನನ್ನ ಕೈಗೆ ಕೊಟ್ಟಿದ್ದಳು. ನನ್ನ ಸೊಂಟನೋವಿಗೆ ಆಗ ನಾಲ್ಕು ವರ್ಷ. ಎಂಆರ್‌ಐ ಆಗಿತ್ತು, ಮಾತ್ರೆ ಆಗಿತ್ತು, ಬೆಲ್ಟ್ ಆಗಿತ್ತು, ಊರಿನ ಎಣ್ಣೆಯೂ ಆಗಿತ್ತು. ಸ್ಕ್ಯಾನ್‌ನಲ್ಲಿ ದೊಡ್ಡದೇನೂ ಇಲ್ಲ, ನೋವು ಮಾತ್ರ ಇದೆ. ಇಂಥವರು ನಮ್ಮ ಸುತ್ತ ಎಷ್ಟು ಜನ ಇದ್ದಾರೆ ಅಂತ ಗೊತ್ತಾಗಬೇಕಾದರೆ ಮದುವೆ ಮನೆಯ ಊಟದ ಸಾಲಿನಲ್ಲಿ ಒಮ್ಮೆ "ನನಗೆ ಸೊಂಟನೋವು" ಅಂದು ನೋಡಿ.

ಈ ಬರಹ ಅಂಥವರಿಗೆ. ನಾನು ಡಾಕ್ಟರಲ್ಲ. ಓದಿಕೊಂಡು, ನನ್ನ ಫಿಸಿಯೋ ಜೊತೆ ಮಾತಾಡಿ, ಎಂಟು ವಾರ ಮಾಡಿ ನೋಡಿದವನು. ತಪ್ಪುಗಳನ್ನೂ ಮಾಡಿದ್ದೇನೆ, ಅವೂ ಇಲ್ಲಿವೆ.

ಮೊದಲು ನಾಯಿಯ ವಿಷಯ

ನೋವು ಮೂರು ತಿಂಗಳು ದಾಟಿದರೆ ಅದನ್ನು ದೀರ್ಘಕಾಲದ ನೋವು ಅನ್ನುತ್ತಾರೆ. ಒಲೆ ತಾಗಿ ಕೈ ಸುಟ್ಟಾಗಿನ ನೋವೇ ಬೇರೆ, ಇದೇ ಬೇರೆ. ಸುಟ್ಟ ಕೈಯ ನೋವು ಸುದ್ದಿ ತರುತ್ತದೆ: ಇಲ್ಲಿ ಪೆಟ್ಟಾಗಿದೆ, ನೋಡ್ಕೋ. ಹಳೆಯ ನೋವಿನಲ್ಲಿ ಎಷ್ಟೋ ಸಲ ಪೆಟ್ಟು ಮಾಗಿ ವರ್ಷವಾಗಿರುತ್ತದೆ, ಸುದ್ದಿ ಮಾತ್ರ ಬರುತ್ತಲೇ ಇರುತ್ತದೆ. ಒಮ್ಮೆ ಕಳ್ಳ ನುಗ್ಗಿದ್ದ ಮನೆಯ ನಾಯಿಯನ್ನು ನೋಡಿದ್ದೀರಾ? ಆಮೇಲೆ ಅದು ಹಾಲಿನವನಿಗೂ ಬೊಗಳುತ್ತದೆ, ಪೇಪರಿನವನಿಗೂ ಬೊಗಳುತ್ತದೆ, ಗಾಳಿಗೆ ಗೇಟು ಅಲುಗಾಡಿದರೂ ಬೊಗಳುತ್ತದೆ. ನಾಯಿ ನಾಟಕ ಮಾಡುತ್ತಿಲ್ಲ. ಅದಕ್ಕೆ ನಿಜವಾಗಿಯೂ ಭಯ. ಹಾಗೆಯೇ ನಿಮ್ಮ ನೋವೂ ನಿಜ. "ಎಲ್ಲಾ ನಿನ್ನ ಮನಸ್ಸಲ್ಲಿದೆ" ಅನ್ನುವವರ ಮಾತನ್ನು ಇಲ್ಲಿಗೇ ಬಿಡಿ.

ಬೊಗಳುವ ನಾಯಿಗೆ ಎರಡು ಕೆಲಸ ಮಾಡಬಹುದು. ಬಿಸ್ಕತ್ ಎಸೆಯಬಹುದು. ಅದನ್ನು ತಿನ್ನುವಷ್ಟು ಹೊತ್ತು ಸುಮ್ಮನಿರುತ್ತದೆ. ಇಲ್ಲವೇ ದಿನಾ ಹಾಲಿನವನ ಹತ್ತಿರ ಕರೆದುಕೊಂಡು ಹೋಗಿ, ಮೂಸಿಸಿ, ಇವನು ಕಳ್ಳನಲ್ಲ ಅಂತ ರೂಢಿ ಮಾಡಿಸಬಹುದು. ವಿಆರ್‌ನಲ್ಲೂ ಈ ಎರಡು ಜಾತಿ ಇವೆ. ಯಾವುದು ಯಾವುದಕ್ಕೆ ಅಂತ ಗೊತ್ತಿಲ್ಲದೆ ದುಡ್ಡು ಹಾಕಿದವರೇ ಜಾಸ್ತಿ ಬೇಜಾರು ಮಾಡಿಕೊಳ್ಳುವುದು.

ಬಿಸ್ಕತ್ ಜಾತಿ ಮೊದಲು ಬಂತು. ಅಮೆರಿಕದ ಸಿಯಾಟಲ್‌ನಲ್ಲಿ, ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ 1996ರ ಸುಮಾರಿಗೆ ಸುಟ್ಟಗಾಯದ ರೋಗಿಗಳ ಮೇಲೆ ಈ ಕೆಲಸ ಶುರು ಮಾಡಿದರು. ಸುಟ್ಟಗಾಯದ ಡ್ರೆಸ್ಸಿಂಗ್ ಬದಲಿಸುವುದನ್ನು ಹತ್ತಿರದಿಂದ ನೋಡಿದವರಿಗೆ ಆ ನೋವು ಏನು ಅಂತ ಗೊತ್ತು. ಅವರು ಸ್ನೋವರ್ಲ್ಡ್ ಅಂತ ಒಂದು ಆಟ ಮಾಡಿದರು. ಸುತ್ತ ಹಿಮದ ಕಣಿವೆ, ಎದುರಿಗೆ ಪೆಂಗ್ವಿನ್‌ಗಳು, ಅವುಗಳತ್ತ ಹಿಮದ ಉಂಡೆ ಎಸೆಯಬೇಕು. ನರ್ಸ್ ಬ್ಯಾಂಡೇಜು ಬಿಚ್ಚುವಾಗ ರೋಗಿಯ ಗಮನವೆಲ್ಲ ಪೆಂಗ್ವಿನ್ ಮೇಲೆ. 2004ರಲ್ಲಿ ಇದೇ ತಂಡ ಆರೋಗ್ಯವಂತರ ಮೇಲೆ ಮಿದುಳಿನ ಸ್ಕ್ಯಾನ್ ಮಾಡಿ ತೋರಿಸಿತು. ಪಾದಕ್ಕೆ ಬಿಸಿ ಮುಟ್ಟಿಸುತ್ತಿದ್ದರೂ, ವಿಆರ್ ಒಳಗಿದ್ದಾಗ ನೋವಿಗೆ ಸಂಬಂಧಪಟ್ಟ ಮಿದುಳಿನ ಭಾಗಗಳ ಚಟುವಟಿಕೆಯೇ ಇಳಿದಿತ್ತು.

ಡ್ರೆಸ್ಸಿಂಗ್ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಬಿಸ್ಕತ್ ಸಾಕು. ಸೊಂಟನೋವು ದಿನದ 24 ಗಂಟೆ. ಪೂರ್ತಿ ದಿನ ಪೆಂಗ್ವಿನ್ ಹೊಡೆಯುತ್ತಾ ಕೂರಲು ಆಗುತ್ತಾ?

ಎರಡನೇ ಜಾತಿಗೆ ಒಳ್ಳೆಯ ಉದಾಹರಣೆ 2021ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ (ಔಷಧ, ವೈದ್ಯಕೀಯ ಸಾಧನಗಳನ್ನು ಪರಿಶೀಲಿಸುವ ಸರ್ಕಾರಿ ಸಂಸ್ಥೆ) ಅನುಮತಿ ಕೊಟ್ಟ ಸಾಧನ. ಆಗ ಅದರ ಹೆಸರು ಈಸ್‌ವಿಆರ್‌ಎಕ್ಸ್, ಆಮೇಲೆ ರಿಲೀವ್‌ಆರ್‌ಎಕ್ಸ್ ಆಯಿತು. 18 ದಾಟಿದ, ಹಳೆಯ ಸೊಂಟನೋವು ಇರುವವರಿಗೆ. ಡಾಕ್ಟರ ಚೀಟಿ ಇದ್ದರೆ ಮಾತ್ರ. ಎಂಟು ವಾರ, 56 ಪಾಠ, ದಿನಕ್ಕೊಂದು. ಒಂದೊಂದು ಪಾಠ 2ರಿಂದ 16 ನಿಮಿಷ, ಅಷ್ಟೇ. ಒಳಗಿರುವುದು ಉಸಿರಾಟ, ಗಮನ ಬದಲಿಸುವುದು, ನೋವಿನ ಬಗ್ಗೆ ತಿಳುವಳಿಕೆ, ದೇಹದ ಸೂಚನೆ ಗುರುತಿಸುವುದು ಇಂಥವು. ಉಸಿರನ್ನು ಹೆಡ್‌ಸೆಟ್‌ನ ಮೈಕಿಗೆ ತಲುಪಿಸುವ ಒಂದು ಸಣ್ಣ ಭಾಗವನ್ನೂ ಜೋಡಿಸಿದ್ದಾರೆ.

179 ಜನರ ಮೇಲೆ, ಅವರವರ ಮನೆಯಲ್ಲೇ, ಇದರ ಪರೀಕ್ಷೆ ನಡೆಯಿತು. ಕೊನೆಗೆ ಈ ಪಾಠ ಮಾಡಿದವರಲ್ಲಿ 66% ಜನರಿಗೆ ನೋವು 30%ಗಿಂತ ಹೆಚ್ಚು ಇಳಿದಿತ್ತು. ಇನ್ನೊಂದು ಗುಂಪಿಗೆ ಅದೇ ಹೆಡ್‌ಸೆಟ್ ಕೊಟ್ಟು, ಪಾಠ ಗೀಠ ಏನೂ ಇಲ್ಲದೆ ಚಪ್ಪಟೆ ಪರದೆಯಲ್ಲಿ ಪ್ರಕೃತಿ ದೃಶ್ಯ ತೋರಿಸಿದ್ದರು. ಅವರಲ್ಲೂ 41% ಜನರಿಗೆ ಅಷ್ಟು ಇಳಿದಿತ್ತು.

ಈ 41 ನನಗೆ 66ಕ್ಕಿಂತ ಮುಖ್ಯ ಅನ್ನಿಸಿತು. ದಿನಾ ಒಂದಿಷ್ಟು ಹೊತ್ತು ಸುಮ್ಮನೆ ಪ್ರಕೃತಿ ದೃಶ್ಯ ನೋಡಿದರೂ ಹತ್ತರಲ್ಲಿ ನಾಲ್ಕು ಜನರಿಗೆ ಏನೋ ಒಳ್ಳೆಯದಾಗಿದೆ. ಪಾಠ ಸೇರಿದಾಗ ಅದು ಏಳರ ಹತ್ತಿರ ಹೋಗಿದೆ. ಮನೆಯಲ್ಲಿ ಮಾಡುವ ನಮಗೆ ಆ ಸಾಧನ ಕೈಗೆ ಬರುವುದಿಲ್ಲ. ಆದರೆ ಪಾಠದ ತಿರುಳನ್ನು ನಾವೇ ಸೇರಿಸಿಕೊಳ್ಳಬಹುದು. ಅಮೆರಿಕದಲ್ಲಿರುವವರು ನಿಮ್ಮ ಡಾಕ್ಟರನ್ನೇ ನೇರವಾಗಿ ಕೇಳಿ, ಇನ್ಶೂರೆನ್ಸ್‌ನವರನ್ನೂ ಕೇಳಿ. ಉಳಿದವರು ಮುಂದೆ ಓದಿ.

ಹೆಜ್ಜೆ 1: ಡಾಕ್ಟರ ಹತ್ತಿರ ಹೋಗಿ ಬನ್ನಿ

ಇದನ್ನು ಹಾರಿಸಬೇಡಿ. ಕಳ್ಳ ನಿಜವಾಗಿಯೂ ಮನೆಯೊಳಗೇ ಇದ್ದರೆ ನಾಯಿಯನ್ನು ಸಮಾಧಾನ ಮಾಡುವುದು ದಡ್ಡತನ ಅಲ್ವಾ?

ಬೆನ್ನು ಅಥವಾ ಸೊಂಟನೋವಿನ ಜೊತೆ ಮೂತ್ರ, ಮಲದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿಕೊಂಡರೆ, ತೊಡೆಯ ಸಂದಿನಲ್ಲಿ ಜೋಮು ಹಿಡಿದರೆ, ಕಾಲಿನ ಶಕ್ತಿ ಕಮ್ಮಿಯಾಗುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಬಿದ್ದು ಪೆಟ್ಟಾದ ಮೇಲೆ ಶುರುವಾದ ನೋವು, ಇವಕ್ಕೂ ಮೊದಲು ತಪಾಸಣೆ.

ಆಮೇಲೆ ವಿಆರ್ ಬಗ್ಗೆಯೇ ಕೇಳಿ. ಫಿಟ್ಸ್ ಇದ್ದವರು, ತಲೆಸುತ್ತಿನ ಕಾಯಿಲೆ ಇದ್ದವರು, ಮೈಗ್ರೇನ್ ಇದ್ದವರು, ಈಚೆಗೆ ಕಣ್ಣಿನ ಆಪರೇಷನ್ ಅಥವಾ ತಲೆಗೆ ಪೆಟ್ಟಾದವರು ಕೇಳದೆ ಶುರು ಮಾಡಬಾರದು. ಪೇಸ್‌ಮೇಕರ್ ಅಥವಾ ಕಿವಿಯ ಮಿಷನ್ ಇದ್ದರೂ ಕೇಳಿ, ಈ ಹೆಡ್‌ಸೆಟ್‌ಗಳಲ್ಲಿ ಅಯಸ್ಕಾಂತವೂ ರೇಡಿಯೋ ಅಲೆಯೂ ಇರುತ್ತವೆ. ಕುತ್ತಿಗೆ ನೋವಿನವರಿಗೆ ಇನ್ನೊಂದು ಲೆಕ್ಕ. ಮೆಟಾ ಕಂಪನಿಯ ಹೆಡ್‌ಸೆಟ್‌ಗಳಾದ ಕ್ವೆಸ್ಟ್ 2 ಮತ್ತು ಕ್ವೆಸ್ಟ್ 3 ಎರಡೂ ಸುಮಾರು ಅರ್ಧ ಕಿಲೋ ತೂಗುತ್ತವೆ. ಅಷ್ಟೂ ತೂಕ ಮುಖದ ಮುಂದೆ. ಕುತ್ತಿಗೆ ನೋವಿಗೆ ಅಂತ ಶುರು ಮಾಡಿ ಕುತ್ತಿಗೆ ಹಿಡಿದುಕೊಂಡರೆ ಕಷ್ಟ.

ಇನ್ನೊಂದು ಮಾತು. ಪ್ರೆಗಾಬಾಲಿನ್, ಗ್ಯಾಬಾಪೆಂಟಿನ್ ಥರದ ನರದ ನೋವಿನ ಮಾತ್ರೆಗಳಿಂದ ಕೆಲವರಿಗೆ ತಲೆ ಸುತ್ತುತ್ತದೆ. ವಿಆರ್ ಸೇರಿದರೆ ಅದು ಜಾಸ್ತಿ ಅನ್ನಿಸಬಹುದು. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಇವನ್ನು ದಿಢೀರನೆ ಬಿಡುವುದೇ ಅಪಾಯ.

ಹೆಜ್ಜೆ 2: ಒಂದು ವಾರ ಬರೀ ನೋಟ್‌ಬುಕ್

ಹೆಡ್‌ಸೆಟ್ ಮನೆಗೆ ಬಂದಿದ್ದರೂ ಒಂದು ವಾರ ಮುಟ್ಟಬೇಡಿ. (ನಾನು ಮುಟ್ಟಿದೆ. ಅದರ ಕಥೆ ಮುಂದಿದೆ.) ಮಕ್ಕಳ ಹಳೆಯ ನೋಟ್‌ಬುಕ್ ಸಾಕು. ದಿನಾ ರಾತ್ರಿ ಎರಡೇ ಅಂಕಿ ಬರೆಯಿರಿ. ಇವತ್ತು ನೋವು ಸರಾಸರಿ ಎಷ್ಟಿತ್ತು, 0 ಅಂದರೆ ಇಲ್ಲವೇ ಇಲ್ಲ, 10 ಅಂದರೆ ಇದಕ್ಕಿಂತ ಜಾಸ್ತಿ ಊಹಿಸಲೂ ಆಗದಷ್ಟು. ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ. ಅಷ್ಟೇ. ಗಂಟೆಗೊಮ್ಮೆ ನೋವು ಅಳೆಯುತ್ತಾ ಕೂತರೆ ನೋವಿಗೇ ಕಾವಲು ಕೂತ ಹಾಗೆ, ಅದು ಇನ್ನೂ ದೊಡ್ಡದಾಗುತ್ತದೆ.

ಮೊದಲ ಪುಟದಲ್ಲಿ ಇನ್ನೊಂದು ಪಟ್ಟಿ: ನೋವಿಗೆ ಹೆದರಿ ನೀವು ಬಿಟ್ಟಿರುವ ಮೂರು ಕೆಲಸ. ದೊಡ್ಡ ದೊಡ್ಡ ಆಸೆ ಬರೆಯಬೇಡಿ. ನನ್ನ ಪಟ್ಟಿ ಹೀಗಿತ್ತು. ಒಂದು, ಅನ್ನ ತುಂಬಿದ ಕುಕ್ಕರ್ ಎತ್ತಿ ಇಳಿಸುವುದು. ಎರಡು, ಬಗ್ಗಿ ಶೂ ಲೇಸ್ ಕಟ್ಟುವುದು. ನಾಲ್ಕು ವರ್ಷದಿಂದ ಚಪ್ಪಲಿಯಲ್ಲೇ ಆಫೀಸಿಗೆ ಹೋಗುತ್ತಿದ್ದೆ. ಮೂರು, ಬಸ್ಸಿನಲ್ಲಿ ಕೂತು ತುಮಕೂರಿಗೆ ಹೋಗುವುದು. ಮಾವನ ಮನೆ ಅಲ್ಲಿದೆ. ಪ್ರತಿ ಸಲ ನೆಪ ಹೇಳಿ ಹೇಳಿ ಮಾವನೇ ಕರೆಯುವುದು ಬಿಟ್ಟಿದ್ದರು.

ಈ ಪಟ್ಟಿಯೇ ನಿಮ್ಮ ಹಾಲಿನವ. ಇದಿಲ್ಲದೆ ಮುಂದಿನದಕ್ಕೆಲ್ಲ ಅರ್ಥವಿಲ್ಲ.

ಹೆಜ್ಜೆ 3: ಹೆಡ್‌ಸೆಟ್

ಮೊದಲು ಸಾಲ ಕೇಳಿ. ಹುಡುಗರು ಎರಡು ತಿಂಗಳು ಆಡಿ ಬೀರುವಿನ ಮೇಲೆ ಎಸೆದ ಹೆಡ್‌ಸೆಟ್‌ಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ನಿಮಗೆ ಒಗ್ಗುತ್ತಾ ಅಂತ ಗೊತ್ತಾಗುವ ಮುಂಚೆ ದುಡ್ಡು ಹಾಕುವುದು ಬೇಡ.

ಫೋನನ್ನೇ ಒಳಗಿಡುವ ಅಗ್ಗದ ಡಬ್ಬಗಳೂ ಸಿಗುತ್ತವೆ. ಎರಡು ನಿಮಿಷ ಮಜಾ ನೋಡಲು ಸರಿ, ಎಂಟು ವಾರಕ್ಕೆ ನಾನು ಹೇಳುವುದಿಲ್ಲ. ಕಾರಣ ಇದು. ಅದರಲ್ಲಿ ತಲೆ ತಿರುಗಿಸಿದರೆ ದೃಶ್ಯ ತಿರುಗುತ್ತದೆ, ಆದರೆ ನೀವು ಮುಂದಕ್ಕೆ ಬಾಗಿದರೆ ಎದುರಿನ ಮರ ಹತ್ತಿರ ಬರುವುದಿಲ್ಲ. ದೇಹ ಬಾಗಿದೆ ಅಂತ ಒಳಗಿವಿ ಹೇಳುತ್ತದೆ, ಇಲ್ಲ ಅಂತ ಕಣ್ಣು ಹೇಳುತ್ತದೆ. ಆ ಜಗಳದಿಂದಲೇ ವಾಕರಿಕೆ. ಕ್ವೆಸ್ಟ್‌ನಂಥ, ಒಳಗೇ ಎಲ್ಲ ಇರುವ ಹೆಡ್‌ಸೆಟ್‌ಗಳಲ್ಲಿ ಬಾಗಿದರೂ ದೃಶ್ಯ ಜೊತೆಗೇ ಬರುತ್ತದೆ.

ಎರಡು ಲೆನ್ಸ್‌ಗಳ ನಡುವಿನ ಅಂತರ ನಿಮ್ಮ ಕಣ್ಣಿಗೆ ಹೊಂದಬೇಕು. ಕನ್ನಡಿ ಮುಂದೆ ನಿಂತು, ಹುಬ್ಬಿನ ಮೇಲೆ ಸ್ಕೇಲ್ ಹಿಡಿದು, ಒಂದು ಪಾಪೆಯ ನಡುವಿನಿಂದ ಇನ್ನೊಂದರ ನಡುವಿನವರೆಗೆ ಅಳೆಯಿರಿ. ದೊಡ್ಡವರಲ್ಲಿ ಸಾಮಾನ್ಯವಾಗಿ 63 ಮಿಲಿಮೀಟರ್ ಆಸುಪಾಸು. ಕ್ವೆಸ್ಟ್ 2ರಲ್ಲಿ 58, 63, 68 ಅಂತ ಮೂರೇ ಜಾಗ ಇವೆ, ಹತ್ತಿರದ್ದಕ್ಕೆ ಸರಿಸಿ. ಇದು ತಪ್ಪಿದರೆ ಹತ್ತು ನಿಮಿಷಕ್ಕೆ ತಲೆನೋವು ಗ್ಯಾರಂಟಿ. ಎಷ್ಟೋ ಜನ "ವಿಆರ್ ನನಗಾಗಲ್ಲ" ಅನ್ನುವುದು ಇದೊಂದು ಕಾರಣಕ್ಕೆ.

ಅಮ್ಮ ಹಾಕಿಕೊಂಡಾಗ ಇನ್ನೂ ಕೆಲವು ವಿಷಯ ಗೊತ್ತಾದವು. ತುರುಬು ಇದ್ದರೆ ಹಿಂದಿನ ಪಟ್ಟಿ ಕೂರುವುದಿಲ್ಲ, ಜಡೆ ಬಿಟ್ಟುಕೊಂಡರೆ ಸರಿ. ಎಣ್ಣೆ ಹಚ್ಚಿದ ತಲೆಗೆ ಮೊದಲು ಒಂದು ತೆಳು ಟವೆಲ್ ಕಟ್ಟಿ. ಕುಂಕುಮ ಒರೆಸಿಕೊಳ್ಳಿ, ಇಲ್ಲವಾದರೆ ಫೋಮಿಗೆ ಅಂಟುತ್ತದೆ. ಲೆನ್ಸನ್ನು ಮೆತ್ತನೆಯ ಒಣ ಬಟ್ಟೆಯಲ್ಲಿ ಮಾತ್ರ ಒರೆಸಬೇಕು. ಸ್ಯಾನಿಟೈಸರ್ ಬೇಡ, ಸೆರಗಂತೂ ಬೇಡವೇ ಬೇಡ.

ಹೆಜ್ಜೆ 4: ಏನು ನೋಡಬೇಕು, ಏನು ನೋಡಬಾರದು

ಮೊದಲ ದಿನ ನಾನು ರೋಲರ್ ಕೋಸ್ಟರ್ ಹಾಕಿದೆ. ಅಕ್ಕನ ಮಗ ಚೆನ್ನಾಗಿದೆ ಮಾಮ ಅಂದಿದ್ದ. ಊಟವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಎರಡನೇ ಇಳಿಜಾರಿಗೇ ಹೆಡ್‌ಸೆಟ್ ಕಿತ್ತು ಬಚ್ಚಲಿಗೆ ಓಡಿದೆ. ಸೊಂಟನೋವು ಮರೆತೇ ಹೋಗಿತ್ತು, ಅದೊಂದು ನಿಜ. ಸಂಜೆವರೆಗೆ ಮಲಗಿದ್ದೆ.

ಆದ್ದರಿಂದ ನಿಯಮ ಒಂದೇ: ನೀವು ಕೂತಿದ್ದೀರಿ ಅಂದರೆ ಆ ಲೋಕದಲ್ಲೂ ನೀವು ಕೂತಿರಬೇಕು. ಎದುರಿಗೆ ಅಲೆ ಬರಲಿ, ಹಕ್ಕಿ ಹಾರಲಿ, ಮೀನು ಈಜಲಿ. ನೀವೇ ಹಾರುವ, ಓಡುವ, ಬೀಳುವ ಯಾವುದೂ ಮೊದಲ ತಿಂಗಳು ಬೇಡ.

ಮೂರು ಥರದವನ್ನು ಹುಡುಕಿಟ್ಟುಕೊಳ್ಳಿ. ಉಸಿರಾಟ ಅಥವಾ ಧ್ಯಾನದ್ದು ಒಂದು. ಸುಮ್ನೆ ಕೂರಬಹುದಾದ ಜಾಗದ್ದು ಒಂದು. ನೇಚರ್ ಟ್ರೆಕ್ಸ್ ಥರದ ಆ್ಯಪ್‌ಗಳಲ್ಲಿ ಕಾಡು, ಕಡಲು ಎಲ್ಲ ಇವೆ. ಮೂರನೆಯದು ಕೈ ಚಾಚಿ, ಸ್ವಲ್ಪ ಬಾಗಿ ಆಡುವ ನಿಧಾನದ ಆಟ. ಹಾಡಿನ ತಾಳಕ್ಕೆ ಕತ್ತಿ ಬೀಸುವ ಬೀಟ್ ಸೇಬರ್ ಆಟದ ಹೆಸರು ಎಲ್ಲರೂ ಹೇಳುತ್ತಾರೆ. ಒಳ್ಳೆಯ ಆಟವೇ, ಆದರೆ ಹಾಡು ವೇಗ ಹಿಡಿದ ಕೂಡಲೇ ನಾವು ಮೈಮರೆತು ತಿರುಚುತ್ತೇವೆ. ಐದನೇ ವಾರದ ಮುಂಚೆ ಮುಟ್ಟಬೇಡಿ, ಆಮೇಲೂ ಅತಿ ಸುಲಭದ ಹಂತದಲ್ಲೇ ಆಡಿ.

ಧ್ಯಾನದ ಆ್ಯಪ್‌ಗಳ ತೊಡಕು ಭಾಷೆ. ಯಾವುದೋ ಅಮೆರಿಕದ ದನಿ "ರಿಲ್ಯಾಕ್ಸ್" ಅನ್ನುತ್ತಿದ್ದರೆ ಅಮ್ಮನ ಭುಜ ಇನ್ನೂ ಮೇಲಕ್ಕೇ ಹೋಗುತ್ತಿತ್ತು. ನಾವು ಕಂಡುಕೊಂಡ ಉಪಾಯ ಹೀಗಿದೆ. ಹೆಡ್‌ಸೆಟ್‌ನಲ್ಲಿ ಕಡಲ ದೃಶ್ಯ ಹಾಕಿ, ಅದರ ಮಾತನ್ನು ಆಫ್ ಮಾಡಿ. ಮನೆಯವರ ದನಿಯಲ್ಲೇ ಕನ್ನಡದಲ್ಲಿ ಐದು ನಿಮಿಷದ ರೆಕಾರ್ಡಿಂಗ್ ಮಾಡಿ, ಫೋನಿನಲ್ಲಿ ಪಕ್ಕದಲ್ಲಿಟ್ಟು ಹಾಕಿ. ಅಕ್ಕ ಓದಿದ್ದು ಹೆಚ್ಚು ಕಮ್ಮಿ ಹೀಗಿತ್ತು:

"ಬೆನ್ನು ಕುರ್ಚಿಗೆ ಒರಗಲಿ. ಪಾದ ಎರಡೂ ನೆಲದ ಮೇಲಿರಲಿ. ಹಲ್ಲು ಕಚ್ಚಿದ್ದರೆ ಸಡಿಲ ಬಿಡಮ್ಮ. ಮೂಗಿನಿಂದ ಉಸಿರು ತಗೋ... ಒಂದು, ಎರಡು, ಮೂರು, ನಾಲ್ಕು. ಈಗ ನಿಧಾನಕ್ಕೆ ಬಿಡು... ಒಂದು, ಎರಡು, ಮೂರು, ನಾಲ್ಕು, ಐದು, ಆರು. ಅಲೆ ಹಿಂದೆ ಹೋಗೋದನ್ನ ನೋಡು. ಅದರ ಜೊತೆಗೇ ಉಸಿರು ಹೋಗ್ಲಿ."

ನಾಲ್ಕು ಸೆಕೆಂಡ್ ಒಳಗೆ, ಆರು ಸೆಕೆಂಡ್ ಹೊರಗೆ, ನಿಮಿಷಕ್ಕೆ ಆರು ಉಸಿರು. ಎಣಿಕೆಯನ್ನು ಗಡಿಯಾರ ನೋಡಿಕೊಂಡೇ ಓದಿ. ಮೊದಲ ಸಲ ಓದುವವರು ಅವಸರ ಮಾಡುತ್ತಾರೆ. ಉಸಿರು ಬಿಡುವುದು ತೆಗೆದುಕೊಳ್ಳುವುದಕ್ಕಿಂತ ಉದ್ದ ಇರಬೇಕು, ಅದು ಮುಖ್ಯ.

ಹೆಜ್ಜೆ 5: ಮೊದಲ ಐದು ನಿಮಿಷ

ಊಟವಾಗಿ ಎರಡು ಗಂಟೆ ಕಳೆದಿರಲಿ. ಚಕ್ರ ಇಲ್ಲದ, ಬೆನ್ನಿಗೆ ಆಸರೆ ಇರುವ ಕುರ್ಚಿ ಹಾಕಿ. ಎದುರಿಗೆ ಕೈ ಚಾಚಿದರೆ ಏನೂ ತಗುಲಬಾರದು. ಟೇಬಲ್ ಫ್ಯಾನ್ ಮುಖದ ಕಡೆಗೆ ಹಾಕಿ. ಗಾಳಿ ಒಂದೇ ಕಡೆಯಿಂದ ಬೀಸುತ್ತಿದ್ದರೆ ಕಣ್ಣು ಮುಚ್ಚಿದ್ದರೂ ದಿಕ್ಕು ಗೊತ್ತಿರುತ್ತದೆ, ವಾಕರಿಕೆಯೂ ಕಮ್ಮಿ. ಮನೆಯಲ್ಲಿ ಒಬ್ಬರಿಗೆ ಹೇಳಿಟ್ಟಿರಿ. ಅವರು ಮಾತಾಡಿಸದೆ ಬಂದು ಭುಜ ಮುಟ್ಟಬಾರದು. ಹೆದರಿ ಎದ್ದರೆ ಸೊಂಟ ಉಳುಕುತ್ತದೆ.

ಹೆಡ್‌ಸೆಟ್ ಆಟದ ಜಾಗ ಯಾವುದು ಅಂತ ಕೇಳಿದಾಗ ಕೂತು ಆಡುವುದನ್ನು ಆರಿಸಿ. ಹೆಡ್‌ಸೆಟ್ ಹಾಕಿ, ಮೇಲಿನ ಪಟ್ಟಿಯನ್ನು ಮೊದಲು ಬಿಗಿ ಮಾಡಿ. ತೂಕ ತಲೆಯ ಮೇಲೆ ಕೂರಬೇಕು, ಕೆನ್ನೆಯ ಮೇಲಲ್ಲ. ಅಕ್ಷರ ಮಸುಕಾಗಿದ್ದರೆ ಡಬ್ಬವನ್ನು ಒಂದು ಚೂರು ಮೇಲೆ ಕೆಳಗೆ ಸರಿಸಿ.

ಐದು ನಿಮಿಷ ಕಡಲು ನೋಡಿ, ಉಸಿರು ಬಿಡಿ. ನೋವು ಹೋಯಿತಾ, ಹೋಯಿತಾ ಅಂತ ತಡಕಾಡಬೇಡಿ.

ಅಮ್ಮನ ಮೊದಲ ದಿನ ನೆನಪಿದೆ. ಕೂತವಳು ಒಂದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಬಲಗೈ ನಿಧಾನಕ್ಕೆ ಮುಂದೆ ಹೋಯಿತು, ಬೆರಳು ಅಗಲವಾಯಿತು, ನೀರು ಮುಟ್ಟುವ ಹಾಗೆ. "ಇದು ಮಲ್ಪೆನೇನೋ?" ಅಂದಳು. ಮಂಡಿನೋವಿನವಳು, ಕಡಲಿಗೆ ಹೋಗಿ ಹನ್ನೆರಡು ವರ್ಷವಾಗಿತ್ತು. ಕುರ್ಚಿಯ ಕೈ ಹಿಡಿದಿದ್ದ ಎಡಗೈ ಮಾತ್ರ ಬಿಗಿಯಾಗಿಯೇ ಇತ್ತು. ಅದು ಸಡಿಲವಾಗಲು ನಾಲ್ಕು ದಿನ ಬೇಕಾಯಿತು.

ತೆಗೆದ ಮೇಲೆ ಎರಡು ನಿಮಿಷ ಕೂತೇ ಇರಿ. ಗೋಡೆ ಗಡಿಯಾರ ನೋಡಿ, ನೀರು ಕುಡಿಯಿರಿ. ತಕ್ಷಣ ಸ್ಕೂಟರ್ ಹತ್ತಬೇಡಿ.

ಹೆಜ್ಜೆ 6: ಎಂಟು ವಾರ

ಈ ಜೋಡಣೆ ನನ್ನದು, ಅಮೆರಿಕದ ಸಾಧನದ ನಕಲಲ್ಲ. ನಿಮ್ಮ ಫಿಸಿಯೋಗೆ ತೋರಿಸಿ, ಬದಲಿಸಿಕೊಳ್ಳಿ.

1 ಮತ್ತು 2ನೇ ವಾರ ದಿನಾ ಐದರಿಂದ ಎಂಟು ನಿಮಿಷ ಬರೀ ಉಸಿರು. ಒಂದೇ ಹೊತ್ತು. ನನಗೆ ಸಂಜೆ ಆರು ಒಗ್ಗಿತು, ಕಾಫಿಗೆ ಮುಂಚೆ.

3 ಮತ್ತು 4ನೇ ವಾರ ಹತ್ತು ನಿಮಿಷಕ್ಕೆ ಏರಿಸಿ, ಗಮನ ಬದಲಿಸುವ ಅಭ್ಯಾಸ ಸೇರಿಸಿ. ಎದುರಿನ ಒಂದು ಬಂಡೆಯನ್ನೋ ಮರವನ್ನೋ ಪೂರ್ತಿ ನೋಡಿ, ಅದರ ಬಣ್ಣ, ನೆರಳು, ಅಂಚು. ಆಮೇಲೆ ಬೇಕಂತಲೇ ಗಮನವನ್ನು ನೋವಿರುವ ಜಾಗಕ್ಕೆ ತನ್ನಿ. ಉರಿಯಾ, ಸೆಳೆತವಾ, ಭಾರವಾ? ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ? ಮೂರು ಉಸಿರಿನಷ್ಟು ಹೊತ್ತು ಅಲ್ಲಿದ್ದು ಮತ್ತೆ ಬಂಡೆಗೆ. ಹೀಗೆ ಹೋಗಿ ಬನ್ನಿ, ಹೋಗಿ ಬನ್ನಿ. ಮೊದಲಿಗೆ ಇದು ಉಲ್ಟಾ ಅನ್ನಿಸುತ್ತದೆ. ನೋವು ಮರೆಯಲು ಕೂತವರು ನೋವನ್ನೇ ಯಾಕೆ ನೋಡಬೇಕು? ನೋವು ಕರೆದಾಗಲೆಲ್ಲ ಓಡುವುದು ನಿಲ್ಲಬೇಕು, ನಾವು ಕಳಿಸಿದಲ್ಲಿಗೆ ಗಮನ ಹೋಗಬೇಕು, ಅದಕ್ಕೆ. ನನಗೆ ಅತಿ ಕಷ್ಟವಾದದ್ದು ಇದೇ, ಉಪಯೋಗಕ್ಕೆ ಬಂದದ್ದೂ ಇದೇ.

5 ಮತ್ತು 6ನೇ ವಾರ ಚಲನೆ. ಫಿಸಿಯೋ ಹೇಳಿಕೊಟ್ಟಿರುವ ಬಾಗುವ, ಚಾಚುವ ವ್ಯಾಯಾಮಕ್ಕೆ ಹತ್ತಿರವಾದ ಆಟ ಹುಡುಕಿ. ಕೂತೇ ಶುರು ಮಾಡಿ. ಆಟದಲ್ಲಿ ಹಣ್ಣು ಹಿಡಿಯಲು ಬಾಗುವ ಸೊಂಟವೇ, ಬಕೆಟ್ ಎತ್ತು ಅಂದರೆ ಗಟ್ಟಿಯಾಗುವ ಸೊಂಟ. ಅದನ್ನು ಒಮ್ಮೆ ಕಣ್ಣಾರೆ ಕಂಡರೆ ನಾಯಿ ಯಾರಿಗೆ ಬೊಗಳುತ್ತಿದೆ ಅಂತ ಗೊತ್ತಾಗುತ್ತದೆ.

7 ಮತ್ತು 8ನೇ ವಾರ ದಿನ ಬಿಟ್ಟು ದಿನ ಹೆಡ್‌ಸೆಟ್ ಇಲ್ಲದೆ. ಅದೇ ಕುರ್ಚಿ, ಅದೇ ಹೊತ್ತು, ಕಣ್ಣು ಮುಚ್ಚಿ ಅದೇ ಕಡಲು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಮೊದಲ ವಾರದಿಂದಲೇ, ಹೆಡ್‌ಸೆಟ್ ತೆಗೆದು ತಲೆ ನಿಲುವಿಗೆ ಬಂದ ಮೇಲೆ, ಮೈ ಇನ್ನೂ ಸಡಿಲ ಇರುವಾಗಲೇ, ಪಟ್ಟಿಯಲ್ಲಿರುವ ಕೆಲಸದ ಒಂದು ಚೂರು ಮಾಡಿ. ಚೂರು ಅಂದರೆ ಚೂರೇ. ಕುಕ್ಕರ್‌ನ ಲೆಕ್ಕ ಹೇಳುತ್ತೇನೆ. ಮೊದಲ ವಾರ ಖಾಲಿ ಕುಕ್ಕರ್, ಮುಚ್ಚಳವೂ ಇಲ್ಲದೆ, ಕಟ್ಟೆಯಿಂದ ಎತ್ತಿ ಪಕ್ಕಕ್ಕಿಟ್ಟೆ, ಮೂರು ಸಲ. ಉಸಿರು ಬಿಡುತ್ತಾ ಎತ್ತಿದೆ. ಎರಡನೇ ವಾರ ಮುಚ್ಚಳದ ಜೊತೆ. ಮೂರನೇ ವಾರ ಒಂದು ಲೋಟ ನೀರು, ಆಮೇಲೆ ಎರಡು. ಅಮ್ಮ ಬಾಗಿಲಲ್ಲಿ ನಿಂತು "ಖಾಲಿ ಕುಕ್ಕರಿಗೆ ಯಾಕೋ ಇಷ್ಟು ಪೂಜೆ" ಅಂದಳು. ಆರನೇ ವಾರ ಬಿಸಿ ಅನ್ನದ ಕುಕ್ಕರ್ ಇಳಿಸಿದಾಗ ಅವಳೇ ಗಮನಿಸಲಿಲ್ಲ. ನಾನೂ ಇಳಿಸಿದ ಮೇಲೆ ಗಮನಿಸಿದೆ.

ವಿಆರ್ ಮಾಡಿಯೂ ಏನೂ ಆಗಲಿಲ್ಲ ಅನ್ನುವವರನ್ನು ನಾನು ಕೇಳುವುದು ಇದೊಂದನ್ನೇ: ತೆಗೆದ ಮೇಲೆ ಏನು ಮಾಡಿದಿರಿ? ಹೋಗಿ ಮಲಗಿದೆ ಅನ್ನುತ್ತಾರೆ.

ಹೆಜ್ಜೆ 7: ತೊಂದರೆ ಬಂದರೆ

ವಾಕರಿಕೆ ಬಂದ ತಕ್ಷಣ ತೆಗೆಯಿರಿ. ಸಹಿಸಿಕೊಂಡರೆ ಅಭ್ಯಾಸವಾಗುತ್ತೆ ಅನ್ನುವ ಮಾತು ಇಲ್ಲಿ ತಪ್ಪು. ಸಹಿಸಿಕೊಂಡವರಿಗೆ ಆಮೇಲೆ ಹೆಡ್‌ಸೆಟ್ ನೋಡಿದರೇ ಹೊಟ್ಟೆ ತೊಳೆಸುತ್ತದೆ. ಆ ದಿನ ಬಿಟ್ಟು, ಮಾರನೇ ದಿನ ಎರಡೇ ನಿಮಿಷ ಮಾಡಿ. ಎಫ್‌ಡಿಎ ಮುಂದೆ ಬಂದ ಪರೀಕ್ಷೆಯಲ್ಲೂ 20.8% ಜನ ಹೆಡ್‌ಸೆಟ್ ಕಿರಿಕಿರಿ ಅಂದಿದ್ದರು, 9.7% ಜನ ವಾಕರಿಕೆ ಅಂದಿದ್ದರು. ನೀವು ಒಬ್ಬರೇ ಅಲ್ಲ. ಎರಡು ವಾರ ಪ್ರಯತ್ನಿಸಿಯೂ ಒಗ್ಗದಿದ್ದರೆ ಬಿಟ್ಟುಬಿಡಿ. ರೆಕಾರ್ಡಿಂಗ್ ಮತ್ತು ಕುಕ್ಕರ್‌ಗೆ ಹೆಡ್‌ಸೆಟ್ ಬೇಕಿಲ್ಲ.

ಕೆಲಸ ಮಾಡಿದ ಮೇಲೆ ನೋವು ಜಾಸ್ತಿಯಾಯಿತು ಅಂತಿಟ್ಟುಕೊಳ್ಳಿ. ಮಾರನೇ ಬೆಳಿಗ್ಗೆಗೆ ಮಾಮೂಲಿಗೆ ಬಂದರೆ ಚಿಂತೆ ಬೇಡ, ಅಷ್ಟೇ ಮಾಡುತ್ತಾ ಹೋಗಿ. ಎರಡು ದಿನವಾದರೂ ಇಳಿಯದಿದ್ದರೆ ಅರ್ಧಕ್ಕೆ ಇಳಿಸಿ. ಹೊಸ ಥರದ ನೋವು, ಕಾಲಿಗೆ ಇಳಿಯುವ ನೋವು, ಜೋಮು ಬಂದರೆ ಡಾಕ್ಟರು.

ಇದಕ್ಕಿಂತ ದೊಡ್ಡ ಬಲೆ ಒಳ್ಳೆಯ ದಿನ. ನೋವು 2ಕ್ಕೆ ಇಳಿದ ಭಾನುವಾರ ನಾನು ಅಟ್ಟ ಕ್ಲೀನ್ ಮಾಡಿದೆ. ಸೋಮವಾರದಿಂದ ಗುರುವಾರದವರೆಗೆ 7. ಒಳ್ಳೆಯ ದಿನವೂ ಅಷ್ಟೇ ಚೂರು, ಕೆಟ್ಟ ದಿನವೂ ಅಷ್ಟೇ ಚೂರು.

ಕೈಕಾಲು ಕಳೆದುಕೊಂಡವರಿಗೆ ಇಲ್ಲದ ಅಂಗದಲ್ಲಿ ಬರುವ ನೋವಿನ ದಾರಿಯೇ ಬೇರೆ. ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಮಾಡಿದ ಕನ್ನಡಿಯ ಪೆಟ್ಟಿಗೆಯ ಪ್ರಯೋಗ ಅದಕ್ಕೆ ಮೂಲ. ಇರುವ ಕೈಯ ಪ್ರತಿಬಿಂಬವನ್ನು ಇಲ್ಲದ ಕೈಯ ಜಾಗದಲ್ಲಿ ತೋರಿಸುವುದು. ವಿಆರ್‌ನಲ್ಲೂ ಅದನ್ನು ಮಾಡುತ್ತಾರೆ, ಆದರೆ ತಜ್ಞರ ಕಣ್ಣೆದುರೇ ಆಗಬೇಕು. ಮನೆಯಲ್ಲಿ ಬೇಡ.

ನೋವಿನ ಜೊತೆ ಮನಸ್ಸು ಕುಸಿದಿದ್ದರೆ, ನಿದ್ದೆ ಊಟ ಬಿಟ್ಟುಹೋಗಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಹೆಡ್‌ಸೆಟ್ ಪಕ್ಕಕ್ಕಿಟ್ಟು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕ್ಲಿನಿಕ್‌ನವರು ಪ್ಯಾಕೇಜ್ ಹೇಳಿದರೆ

ನನಗೂ ಒಂದು ಕಡೆ ಹತ್ತು ಸಿಟ್ಟಿಂಗ್‌ನ ಪ್ಯಾಕೇಜ್ ಹೇಳಿದ್ದರು, ಮುಂಗಡ ಪೂರ್ತಿ. ಯಾವ ಪ್ರೋಗ್ರಾಂ ಅಂತ ಕೇಳಿದೆ. "ಇಂಪೋರ್ಟೆಡ್ ಸರ್" ಅಂದರು. ಎದ್ದು ಬಂದೆ. ನೀವು ಕೇಳಬೇಕಾದ್ದು ಇಷ್ಟು: ಇದು ನನ್ನ ಥರದ ನೋವಿನವರ ಮೇಲೆ ಪರೀಕ್ಷೆ ಆಗಿದೆಯಾ? ಜೊತೆಗೆ ಕೂರುವವರು ಫಿಸಿಯೋನಾ, ಮನಶ್ಶಾಸ್ತ್ರಜ್ಞರಾ, ಯಾರು? ಮನೆಯಲ್ಲಿ ಮಾಡಲು ಏನು ಕೊಡುತ್ತೀರಿ? ಮೂರನೇ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಅದು ಬಿಸ್ಕತ್ ಅಂಗಡಿ.

ಹೆಜ್ಜೆ 8: ಲೆಕ್ಕ ಹಾಕಿ

ಎಂಟನೇ ವಾರದ ಕೊನೆಗೆ, ಬರೀ ನೋಟ್‌ಬುಕ್ ಬರೆದ ಆ ಮೊದಲ ವಾರದ ಸರಾಸರಿ, ಕೊನೆಯ ವಾರದ ಸರಾಸರಿ ಪಕ್ಕಪಕ್ಕ ಬರೆಯಿರಿ. 6 ಇದ್ದದ್ದು 4 ಆದರೆ ಮೂರರಲ್ಲಿ ಒಂದು ಭಾಗ ಇಳಿದ ಹಾಗೆ. ಸಂಶೋಧಕರು 30% ಇಳಿತವನ್ನೇ ಲೆಕ್ಕಕ್ಕೆ ಬರುವ ಬದಲಾವಣೆ ಅನ್ನುತ್ತಾರೆ, ಸೊನ್ನೆಯನ್ನಲ್ಲ. ಆಮೇಲೆ ಮೊದಲ ಪುಟದ ಪಟ್ಟಿ ನೋಡಿ. ಅಂಕಿ ಇಳಿಯದಿದ್ದರೂ ಕೆಲಸ ವಾಪಸ್ ಬಂದಿದ್ದರೆ ಮುಂದುವರಿಸಿ. ಅಂಕಿಯೂ ಇಳಿದಿಲ್ಲ, ಕೆಲಸವೂ ಬಂದಿಲ್ಲ ಅಂದರೆ ನೋಟ್‌ಬುಕ್ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ. ಬರೀ "ಇನ್ನೂ ನೋವಿದೆ" ಅನ್ನುವುದಕ್ಕಿಂತ ಎಂಟು ವಾರದ ಪುಟ ತೋರಿಸಿದರೆ ಅವರಿಗೂ ಹಿಡಿ ಸಿಗುತ್ತದೆ.

ನನ್ನದು 6ರಿಂದ 4ಕ್ಕೆ ಬಂತು. ಕುಕ್ಕರ್ ಆಯಿತು. ಶೂ ಲೇಸ್ ಆಯಿತು, ಮೆಟ್ಟಿಲ ಮೇಲೆ ಕಾಲಿಟ್ಟುಕೊಂಡು. ತುಮಕೂರಿಗೂ ಹೋದೆ. ದಾಬಸ್‌ಪೇಟೆ ದಾಟಿದ ಮೇಲೆ ಎದ್ದು ಕಂಬಿ ಹಿಡಿದು ನಿಂತೆ, ಕಂಡಕ್ಟರ್ "ಸೀಟ್ ಖಾಲಿ ಇದೆಯಲ್ಲ ಸಾರ್" ಅಂದರು. ಅಮ್ಮನ ಮಂಡಿ ಅಂಕಿಯಲ್ಲಿ ಏನೂ ಬದಲಾಗಲಿಲ್ಲ, 5 ಅಂದರೆ 5. ಆದರೆ ಸಂಜೆ ಆರಕ್ಕೆ ಹೆಡ್‌ಸೆಟ್ ಎಲ್ಲಿ ಅಂತ ಅವಳೇ ಕೇಳುತ್ತಿದ್ದಳು.

ಪರೀಕ್ಷೆ ಮುಗಿದು ಅಕ್ಕನ ಮಗ ವಾಪಸ್ ಕೇಳಿದ. ಕೊಡುವಾಗ ಒಂದು ಎಚ್ಚರ: ಲೆನ್ಸ್ ಮೇಲ್ಮುಖವಾಗಿ ಬಿಸಿಲಲ್ಲಿ ಇಡಬೇಡಿ, ಕಿಟಕಿ ಹತ್ತಿರವೂ ಬೇಡ. ಲೆನ್ಸ್ ಭೂತಗನ್ನಡಿಯ ಹಾಗೆ ಬಿಸಿಲನ್ನು ಒಟ್ಟು ಮಾಡಿ ಒಳಗಿನ ಪರದೆಯನ್ನು ಸುಟ್ಟುಬಿಡುತ್ತದೆ. ಪರದೆಗೇನೂ ಆಗದೆ ಕೊಟ್ಟಿದ್ದೇನೆ. ಫೋಮಿನ ಮೇಲಿನ ಕುಂಕುಮದ ಕಲೆ ಮಾತ್ರ ಎಷ್ಟು ಒರೆಸಿದರೂ ಹೋಗಿಲ್ಲ.